ಮುಚ್ಚಳದ ಒಳಗಿನ ಗುರುತು

ಅವಳಿಗೆ ಸೇಡು ಬೇಕಿತ್ತು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಆಮೇಲೆ ಯಾರೂ ಅವಳನ್ನು ದೊಡ್ಡ ಕ್ಷಮಾಗುಣದ ಹೆಂಗಸು ಎಂದುಕೊಂಡು ಮೋಸಹೋಗುವುದು ಬೇಡ. ಎಂಟು ತಿಂಗಳಿಂದ ಬೆಳಿಗ್ಗೆ ಎದ್ದು ಹಲ್ಲುಜ್ಜುವಾಗ ಒಬ್ಬ ಹುಡುಗನ ಮುಖ ನೆನೆಸಿಕೊಂಡೇ ಉಜ್ಜುತ್ತಿದ್ದಳು. ವರ್ಷಕ್ಕೆ ಎರಡು ಬ್ರಷ್ಷು ಸಾಕಾಗುತ್ತಿದ್ದವಳಿಗೆ ಈ ಸಲ ಐದಾದವು.

ಅವಳು ವಿಶ್ವವಿದ್ಯಾಲಯದ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಮೆಕ್ಯಾನಿಕ್. ಹದಿನಾಲ್ಕು ವರ್ಷದ ಸರ್ವಿಸ್. ವಿದ್ಯಾರ್ಥಿಗಳ ಬಾಯಲ್ಲಿ ಬೆಸುಗೆ ಅಕ್ಕ. ವರ್ಷಕ್ಕೊಮ್ಮೆ ಅಲ್ಲಿ ಸ್ಟಾರ್ಟಪ್ ಸ್ಪರ್ಧೆ ನಡೆಯುತ್ತಿತ್ತು. ಹೊಸದೊಂದು ವಸ್ತು, ಅದನ್ನು ಮಾರಿ ಕಂಪನಿ ಕಟ್ಟುವ ಯೋಜನೆ, ವೇದಿಕೆಯ ಮೇಲೆ ಏಳು ನಿಮಿಷದ ಮಾತು, ಎದುರಿಗೆ ಮೂವರು ತೀರ್ಪುಗಾರರು. ಗೆದ್ದ ತಂಡಕ್ಕೆ ಬಂಡವಾಳ, ಕಾರ್ಖಾನೆಯ ಬೆಂಬಲ, ಪೇಪರಿನಲ್ಲಿ ಫೋಟೋ. ಸ್ಪರ್ಧೆ ಹತ್ತಿರ ಬಂತೆಂದರೆ ಲ್ಯಾಬಿನ ಬಾಗಿಲಲ್ಲಿ ಸಾಲು ಹಚ್ಚುತ್ತಿದ್ದರು. "ಅಕ್ಕ, ನಾಳೆ ಡೆಮೊ ಇದೆ, ಇವತ್ತು ಲೈಟೇ ಹತ್ತುತ್ತಿಲ್ಲ." "ಅಕ್ಕ, ಇದರಲ್ಲಿ ಹೊಗೆ ಬರ್ತಿದೆ, ಬರಬೇಕಾ?" ಅವಳು ಬಯ್ಯುತ್ತ ಬಯ್ಯುತ್ತಲೇ ಸರಿಮಾಡಿ ಕೊಡುತ್ತಿದ್ದಳು. ಮಾರನೆಯ ದಿನ ಅವರು ವೇದಿಕೆ ಹತ್ತಿ "ನಮ್ಮ ತಂಡ ರಾತ್ರಿ ಹಗಲು ದುಡಿದು" ಎಂದು ಶುರುಮಾಡುವರು. ಅದಕ್ಕೆಲ್ಲ ಅವಳು ತಲೆ ಕೆಡಿಸಿಕೊಂಡವಳಲ್ಲ. ಕೆಲಸ ತನ್ನದು, ಸಂಬಳ ಬರುತ್ತಿದೆ, ಮುಗಿಯಿತು.

ತಲೆ ಕೆಟ್ಟದ್ದು ಅಪ್ಪನ ವಿಷಯಕ್ಕೆ.

ಅಪ್ಪ ವಾಚ್ ರಿಪೇರಿಯವನು. ಒಂದು ಹಳೆಯ ಕಟ್ಟಡದ ಮೆಟ್ಟಿಲ ಪಕ್ಕ, ಬೀರುವಿನಷ್ಟು ಅಗಲದ ಅಂಗಡಿ. ಒಂದು ಸ್ಟೂಲು, ಒಂದು ದೀಪ, ಬಲಗಣ್ಣಿಗೆ ಸಿಕ್ಕಿಸಿಕೊಳ್ಳುವ ಒಂದು ಭೂತಗನ್ನಡಿ. ನಲವತ್ತೊಂದು ವರ್ಷ ಆ ಬಲಗಣ್ಣಿನಿಂದಲೇ ಮನೆ ನಡೆಯಿತು. ಅವನಿಗೊಂದು ಅಭ್ಯಾಸ. ಆ ಕಸುಬಿನ ಹಳಬರಿಗೆಲ್ಲ ಇರುವಂಥದ್ದೇ. ಯಾವ ವಾಚನ್ನು ಬಿಚ್ಚಲಿ, ಮುಚ್ಚುವ ಮೊದಲು ಹಿಂಬದಿಯ ಮುಚ್ಚಳದ ಒಳಗೆ ಸೂಜಿಯಲ್ಲಿ ಗುರುತು ಗೀರುತ್ತಿದ್ದ: ಒಂದು ಪುಟ್ಟ ತ್ರಿಕೋನ, ಅದರ ಕೆಳಗೆ ದಿನ, ತಿಂಗಳು, ವರ್ಷ. "ನಾಳೆ ಇನ್ನೊಬ್ಬ ಬಿಚ್ಚಿದಾಗ, ತನಗಿಂತ ಮೊದಲು ಇದರೊಳಗೆ ಯಾರು ಕೈ ಹಾಕಿದ್ದ ಅಂತ ಅವನಿಗೆ ಗೊತ್ತಾಗ್ಬೇಕು" ಎನ್ನುತ್ತಿದ್ದ. ಚಟ ವಾಚಿಗೆ ನಿಲ್ಲಲಿಲ್ಲ. ಮನೆಯ ಹೊಲಿಗೆ ಯಂತ್ರದ ಹೊಟ್ಟೆಯಲ್ಲಿ ತ್ರಿಕೋನ, ಮಗಳ ಮೊದಲ ಸೈಕಲ್ಲಿನ ಗಂಟೆಯೊಳಗೆ ತ್ರಿಕೋನ. "ನನ್ನ ಬೆನ್ನ ಮೇಲೂ ಗೀರಿದ್ದೀಯೋ ಏನೋ, ನೋಡ್ಕೋಬೇಕು" ಎಂದು ಮಗಳು ರೇಗಿಸುತ್ತಿದ್ದಳು.

ಎರಡು ವರ್ಷದ ಹಿಂದೆ ಅಪ್ಪನ ಕಣ್ಣಿನೊಳಗೆ ಒತ್ತಡ ಏರತೊಡಗಿತು. ನೋವಿಲ್ಲ, ಕೆಂಪಿಲ್ಲ, ನೋಟ ಮಾತ್ರ ಅಂಚಿನಿಂದ ಒಳಗೆ ಸವೆಯುತ್ತ ಬರುತ್ತದೆ. ದಿನಕ್ಕೆ ನಾಲ್ಕು ಸಲ ಔಷಧಿ, ಸಲಕ್ಕೆ ಒಂದೊಂದೇ ಹನಿ, ತಪ್ಪಿಸಿದರೆ ಹೋದ ನೋಟ ಮತ್ತೆ ಬರುವುದಿಲ್ಲ ಎಂದರು ಕಣ್ಣಿನ ಡಾಕ್ಟರು. ಬೆಳಿಗ್ಗೆ, ರಾತ್ರಿ ಮಗಳು ಹಾಕುತ್ತಿದ್ದಳು. ಅವಳು ಕೆಲಸಕ್ಕೆ ಹೋದಾಗಿನ ಎರಡು ಸಲ ಅಪ್ಪ ತಾನೇ ಹಾಕಿಕೊಳ್ಳಬೇಕು. ಕೈಗೆ ನಡುಕ ಬಂದಿತ್ತು. ಮೂರು ಹನಿ ಕೆನ್ನೆಗೆ, ಒಂದು ಕಾಲರಿಗೆ. ಪಕ್ಕದ ಮನೆಯವರನ್ನು ಕರೆಯೋಣ ಎಂದರೆ "ನಾನೇನು ಕೂಸಾ" ಎಂದು ಸಿಡಿಯುತ್ತಿದ್ದ.

ಹಾಗಾಗಿ ತಂದೆ ಮಗಳು ಕೂತು ಒಂದು ಕ್ಲಿಪ್ಪು ಮಾಡಿದರು. ಔಷಧಿ ಶೀಶೆಗೆ ಕಚ್ಚಿಕೊಳ್ಳುವ ಹಿತ್ತಾಳೆಯ ಹಿಡಿಕೆ. ಒಳಗೆ ಹಳೆಯ ವಾಚಿನ ಸ್ಪ್ರಿಂಗು. ಹುಬ್ಬಿಗೆ ಒತ್ತಿ ಹಿಡಿದರೆ ಕೈ ಎಷ್ಟೇ ನಡುಗಲಿ, ಒಂದೇ ಹನಿ ನೆಟ್ಟಗೆ ಕಣ್ಣಿಗೆ. ಹೊತ್ತು ಮೀರಿದರೆ ಕುಯ್ಯೆನ್ನುವ ಪುಟ್ಟ ಸರ್ಕ್ಯೂಟು ಮಗಳದು. ಸ್ಪ್ರಿಂಗು ಕೂರಿಸುವುದಕ್ಕೇ ಅಪ್ಪನಿಗೆ ಮೂರು ತಿಂಗಳು ಹಿಡಿಯಿತು. ಬಲಗಣ್ಣಿನಲ್ಲಿ ಉಳಿದಿದ್ದ ಒಳ್ಳೆಯ ನೋಟವನ್ನೆಲ್ಲ ಅದಕ್ಕೇ ಸುರಿದ. ಮುಗಿದ ದಿನ ಒಂದು ಹನಿ ಹಾಕಿಕೊಂಡು, ಕಣ್ಣು ಪಿಳುಕಿಸಿ, "ಬಿತ್ತು" ಎಂದ. ಅಷ್ಟೇ ಹೇಳಿದ್ದು.

ಏಳು ವಾರ ಅದು ಚೆನ್ನಾಗಿ ನಡೆಯಿತು. ಬ್ಯಾಟರಿ ಬದಲಿಸಲೆಂದು ಒಂದು ದಿನ ಲ್ಯಾಬಿಗೆ ತಂದು ಮೇಜಿನ ಮೇಲಿಟ್ಟಿದ್ದಳು. ಆಗ ಬಂದ ಸಿಇಒ.

ಸಿಇಒ ಎಂದರೆ ಯಾವ ಕಂಪನಿಯದೂ ಅಲ್ಲ. ಮೊದಲ ವರ್ಷದಲ್ಲೇ ತನ್ನ ಹೆಸರಿನ ಮುಂದೆ ಹಾಗೆಂದು ಕಾರ್ಡು ಅಚ್ಚು ಹಾಕಿಸಿಕೊಂಡಿದ್ದ ಹುಡುಗ, ಗೆಳೆಯರು ಅದನ್ನೇ ಹೆಸರು ಮಾಡಿಬಿಟ್ಟಿದ್ದರು. ಮಾತು ಬೆಣ್ಣೆ. ತನ್ನ ಕೆಟ್ಟ ಯಂತ್ರವನ್ನು ಅವಳ ಮುಂದಿಟ್ಟು, ಕಣ್ಣು ಮಾತ್ರ ಕ್ಲಿಪ್ಪಿನ ಮೇಲೆ ನೆಟ್ಟ.

"ಇದೇನಕ್ಕ?"

ಅವಳು ಹೇಳಿದಳು. ಹೆಮ್ಮೆಯಿಂದಲೇ ಹೇಳಿದಳು, ಪೆದ್ದಿ.

"ಅಕ್ಕ, ಎರಡೇ ದಿನ ಕೊಡಿ. ನಮ್ಮ ಸರ್‌ಗೆ ತೋರಿಸಿ ತಂದುಬಿಡ್ತೀನಿ. ಇಂಥದ್ದು ಮೂಲೇಲಿ ಬಿದ್ದಿರಬಾರದು."

ಎರಡು ದಿನ ನಾಲ್ಕಾಯಿತು, ನಾಲ್ಕು ಹತ್ತಾಯಿತು. ಕೇಳಿದರೆ "ಹಾಸ್ಟೆಲಲ್ಲಿ ಎಲ್ಲೋ ಕಳೆದುಹೋಯ್ತಕ್ಕ, ಸಾರಿ" ಎಂದ. ತಿಂಗಳು ಕಳೆಯುವುದರೊಳಗೆ ಕಾರಿಡಾರಿನಲ್ಲಿ ಪೋಸ್ಟರು ಬಿತ್ತು: ಮುದುಕರ ಕಣ್ಣಿಗೆ ಹನಿ ಹಾಕುವ ಕ್ರಾಂತಿಕಾರಿ ಸಾಧನ, ಕೆಳಗೆ ಕೈಕಟ್ಟಿ ನಿಂತ ಸಿಇಒನ ಚಿತ್ರ.

ಅವಳು ನೇರ ಸ್ಪರ್ಧೆಯ ಸಂಯೋಜಕರ ಕೋಣೆಗೆ ಹೋದಳು. ಅವರು ಕೂಲರಿನಿಂದ ನೀರು ಬಗ್ಗಿಸಿಕೊಟ್ಟು, ಎಲ್ಲವನ್ನೂ ಸಾವಧಾನವಾಗಿ ಕೇಳಿ, "ನಕ್ಷೆ ಇದೆಯಾ? ಇಮೇಲ್? ಫೋಟೋ?" ಎಂದರು. ಅಪ್ಪ ಜನ್ಮದಲ್ಲಿ ನಕ್ಷೆ ಬರೆದವನಲ್ಲ. ಅವನ ನಕ್ಷೆ ಬೆರಳಲ್ಲಿತ್ತು. "ನೋಡಿ ಅಕ್ಕ, ಐಡಿಯಾ ಅನ್ನೋದು ಗಾಳಿ ಇದ್ದ ಹಾಗೆ, ಯಾರಿಗೆ ಬೇಕಾದ್ರೂ ಬರಬಹುದು. ಅಲ್ಲದೆ ಸ್ಪರ್ಧೆ ವಿದ್ಯಾರ್ಥಿಗಳಿಗೆ, ಸಿಬ್ಬಂದಿಗಲ್ಲ. ಪುರಾವೆ ಸಿಕ್ಕಿದ್ರೆ ಬರವಣಿಗೆಯಲ್ಲಿ ಕೊಡಿ." ಹೊರಗೆ ಬಂದಾಗ ಅವಳ ಕೈಯಲ್ಲಿ ಇನ್ನೂ ಅವರ ನೀರಿನ ಲೋಟವಿತ್ತು. ವಾಪಸು ಕೊಡಲಿಲ್ಲ. ಎಂಟು ತಿಂಗಳಿಂದ ಅದು ಲ್ಯಾಬಿನಲ್ಲಿ ಸ್ಕ್ರೂ ಹಾಕಿಡುವುದಕ್ಕಿದೆ.

ಇನ್ನೊಂದು ಮಾಡಿಕೊಳ್ಳಬಾರದಿತ್ತೇ ಎಂದು ಕೇಳುವವರು ಇರುತ್ತಾರೆ. ಕೇಳುವುದು ಸುಲಭ. ಅಪ್ಪನ ಕಣ್ಣಿಗೆ ಆ ಸ್ಪ್ರಿಂಗು ಇನ್ನು ಕಾಣುತ್ತಿರಲಿಲ್ಲ. ಅವಳ ಕೈಗೆ ಬೆಸುಗೆ ಗೊತ್ತು, ಕೂದಲೆಳೆಯಂಥ ಸ್ಪ್ರಿಂಗಿನ ಮರ್ಜಿ ಗೊತ್ತಿಲ್ಲ. ಮೂರು ಸಲ ಮಾಡಿದಳು, ಮೂರೂ ಕೆಟ್ಟವು. ಅಪ್ಪ ಮತ್ತೆ ಶೀಶೆಯನ್ನೇ ಹಿಡಿದ. "ಹಾಕ್ಕೊಂಡ್ಯಾ?" ಎಂದು ಫೋನಿನಲ್ಲಿ ಕೇಳಿದರೆ "ಹೂಂ" ಎನ್ನುತ್ತಿದ್ದ. ಸುಳ್ಳೂ ಅಲ್ಲ, ನಿಜವೂ ಅಲ್ಲ. ಕೆನ್ನೆ ಒದ್ದೆಯಾದದ್ದನ್ನು ಕಣ್ಣಿಗೆ ಬಿದ್ದಿತೆಂದುಕೊಂಡಿದ್ದ. ಆರನೆಯ ತಿಂಗಳು ಡಾಕ್ಟರು ದೀಪ ಹಿಡಿದು ನೋಡಿ, ಬಲಗಣ್ಣು ಮುಗಿಯಿತು ಎಂದರು. ಎಡಗಣ್ಣಿನಲ್ಲಿ ಆಕಾರಗಳಷ್ಟೇ: ಬಾಗಿಲು ಬಾಗಿಲೆಂದು, ಮನುಷ್ಯ ಮನುಷ್ಯನೆಂದು ತಿಳಿಯುವಷ್ಟು. ಮುಖ ಕಾಣದು.

ಅವತ್ತು ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ ಅಪ್ಪ ಕೇಳಿದ, "ಆ ಹುಡುಗ ನೋಡೋಕೆ ಹೇಗಿದ್ದಾನೆ?"

"ಯಾವ ಹುಡುಗ?"

"ನಿಂಗೊತ್ತು ಯಾವ ಹುಡುಗ ಅಂತ."

ಅವಳು ಉತ್ತರ ಕೊಡಲಿಲ್ಲ. ಕೊಟ್ಟರೆ ಬಸ್ಸಿನಲ್ಲೇ ಬಾಯಿಗೆ ಬಂದದ್ದೆಲ್ಲ ಆಡಿಬಿಡುತ್ತಿದ್ದಳು.

ಫೈನಲ್ಲಿಗೆ ಎರಡು ದಿನವಿದ್ದಾಗ ಒಂದು ರಟ್ಟಿನ ಪೆಟ್ಟಿಗೆ ಲ್ಯಾಬಿಗೆ ಬಂತು. ಹೊತ್ತು ತಂದವಳು ಸಿಇಒನ ತಂಡದ ಕನ್ನಡಕದ ಹುಡುಗಿ. ಹಿಂದಿನ ತಿಂಗಳಷ್ಟೇ ತಂಡ ಸೇರಿದವಳು, ಪಾಪ, ಅವಳಿಗೆ ಹಿಂದಿನ ಕತೆ ಯಾವುದೂ ಗೊತ್ತಿರಲಿಲ್ಲ.

"ಅಕ್ಕ, ಅರವತ್ತು ಪೀಸಿದೆ. ತೀರ್ಪುಗಾರರಿಗೂ ಮುಂದಿನ ಸಾಲುಗಳವರಿಗೂ ಉಡುಗೊರೆ. ಬ್ಯಾಟರಿ ಹಾಕಿಕೊಡ್ಬೇಕಂತೆ. ಮೂಲ ಪೀಸನ್ನ ಸ್ಕ್ಯಾನರಲ್ಲಿಟ್ಟು ಹಾಗ್ಹಾಗೇ ಪ್ಲಾಸ್ಟಿಕ್ಕಲ್ಲಿ ಪ್ರಿಂಟ್ ತೆಗೆದಿದ್ದೀವಿ, ಎಷ್ಟು ಚೆನ್ನಾಗಿ ಬಂದಿದೆ ನೋಡಿ."

ಅಂದರೆ ಅಪ್ಪನ ಕಣ್ಣು ತಿಂದವನ ಸಾಮಾನಿಗೆ ಇವಳೇ ಬ್ಯಾಟರಿ ಹಾಕಬೇಕು. ಹುಡುಗಿ ಹೋದ ಮೇಲೆ ಅವಳು ಕೂತು ಬಿಳಿ ಪ್ಲಾಸ್ಟಿಕ್ಕಿನ ಆ ಅರವತ್ತು ಹಿಡಿಕೆಗಳನ್ನು ನೋಡಿದಳು. ಎಲ್ಲಕ್ಕೂ ಬ್ಯಾಟರಿ ತಿರುಗಾಮುರುಗಾ ಹಾಕಿಬಿಟ್ಟರೆ? ವೇದಿಕೆಯ ಮೇಲೆ ಒಂದೂ ಕುಯ್ಯೆನ್ನುವುದಿಲ್ಲ. ಅವನ ಮಾನ ಮೂರು ಕಾಸಿಗೆ ಹೋಗುತ್ತದೆ. ಇಕ್ಕಳ ಕೈಗೆತ್ತಿಕೊಂಡಳು. ಅಪ್ಪ ಕಲಿಸಿದಂತೆ ಅಂಚಿನಲ್ಲಿ ಉಗುರು ತೂರಿಸಿ ಮೊದಲನೆಯದರ ಮುಚ್ಚಳ ಎತ್ತಿದಳು.

ಒಳಗೆ ತ್ರಿಕೋನ.

ದೀಪದ ಕೆಳಗೆ ಹಿಡಿದಳು. ತ್ರಿಕೋನ, ಅದರ ಕೆಳಗೆ ದಿನ, ತಿಂಗಳು, ವರ್ಷ. ಸ್ವಲ್ಪ ಸೊಟ್ಟ, ಆದರೆ ಆಳ. ಅಪ್ಪ ಸಾಮಾನ್ಯವಾಗಿ ಗೀರುವುದು ಕೂದಲಿನಷ್ಟು ತೆಳುವಾಗಿ. ಇದನ್ನು ಮಾತ್ರ, ಕಣ್ಣು ಮಸುಕಾಗಿದ್ದಕ್ಕೆ, ಉಗುರಿಗೆ ತಾಕುವಂತೆ ಒತ್ತಿ ಕೊರೆದಿದ್ದ. ಸ್ಕ್ಯಾನರಿಗೆ ಸಿಗುವಷ್ಟು ಕೊರೆದಿದ್ದ. ಎರಡನೆಯದನ್ನು ಬಿಚ್ಚಿದಳು. ತ್ರಿಕೋನ. ಮೂರನೆಯದು, ಹತ್ತನೆಯದು, ನಲವತ್ತನೆಯದು. ಅರವತ್ತಕ್ಕೆ ಅರವತ್ತೂ ಅಪ್ಪನ ರುಜು ಹೊತ್ತುಕೊಂಡು ಕೂತಿದ್ದವು.

ಪೆಟ್ಟಿಗೆಯ ತಳದಲ್ಲಿ ಕರಪತ್ರವಿತ್ತು. ಅದರ ಮೂರನೆಯ ಸಾಲು: "ಮುಚ್ಚಳದ ಒಳಮೈಯಲ್ಲಿ ನಮ್ಮ ತಂಡದ ಸ್ವಂತ ಸಂಶೋಧನೆಯಾದ ಸೂಕ್ಷ್ಮ ಹಿಡಿತ ವಿನ್ಯಾಸ." ಎಲಾ ಇವನ. ಗೀರು ಕಂಡಿದೆ, ಸೊಟ್ಟ ಅಂಕಿಗಳನ್ನು ಓದುವ ಗೋಜಿಗೆ ಹೋಗಿಲ್ಲ, ಏನೆಂದು ತಿಳಿದಿಲ್ಲ, ತಿಳಿಯದ್ದಕ್ಕೂ ಒಂದು ಹೆಸರು ಕೊಟ್ಟು ತನ್ನದು ಮಾಡಿಕೊಂಡಿದ್ದಾನೆ. ಎಂಟು ತಿಂಗಳಲ್ಲಿ ಮೊದಲ ಸಲ ಅವಳು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ ಅರವತ್ತಕ್ಕೂ ಬ್ಯಾಟರಿಯನ್ನು ಸರಿಯಾಗಿ, ಒಂದೊಂದನ್ನೂ ಎರಡೆರಡು ಸಲ ಪರೀಕ್ಷಿಸಿ ಹಾಕಿದಳು. ಒಂದೂ ಕೆಡಬಾರದು. ಎಲ್ಲವೂ ಹಂಚಿಹೋಗಬೇಕು.

ಮನೆಗೆ ಒಂದನ್ನು ತಂದು ಅಪ್ಪನ ಕೈಗಿಟ್ಟಳು. ಅಪ್ಪ ಹೆಬ್ಬೆರಳಿನ ಉಗುರನ್ನು ಮುಚ್ಚಳದೊಳಗೆ ಆಡಿಸಿದ. ಒಂದು ಸುತ್ತು, ಎರಡು ಸುತ್ತು.

"ನನ್ನದೇ" ಎಂದ. ಆಮೇಲೆ, "ನನ್ನ ಇಸ್ತ್ರಿ ಶರ್ಟು ಎಲ್ಲಿದೆ?" ಎಂದ.

ಸಂಯೋಜಕರಿಗೆ ಮೊದಲೇ ಹೇಳಲಿಲ್ಲ. ಹೇಳಿದರೆ ಅವರು ನೀರು ಕೊಟ್ಟು, ಸಾವಧಾನವಾಗಿ ಕೇಳಿ, ಪೆಟ್ಟಿಗೆಯನ್ನೇ ಮಂಗಮಾಯ ಮಾಡುತ್ತಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಫೈನಲ್ಲಿನ ಬೆಳಿಗ್ಗೆ ಸಭಾಂಗಣ ತುಂಬಿತ್ತು. ಅವಳ ಡ್ಯೂಟಿ ಮೈಕಿನದು: ವೇದಿಕೆಯವರ ಅಂಗಿಗೆ ಮೈಕು ಸಿಕ್ಕಿಸುವುದು, ಪ್ರಶ್ನೆಯ ಹೊತ್ತಿನಲ್ಲಿ ಕೈಮೈಕನ್ನು ಸಭಿಕರ ಬಳಿ ಒಯ್ಯುವುದು. ಅಪ್ಪನನ್ನು ಮೂರನೆಯ ಸಾಲಿನ ತುದಿಯ ಕುರ್ಚಿಯಲ್ಲಿ ಕೂರಿಸಿದ್ದಳು. ಅಂಗಿಯ ಜೇಬಿನಲ್ಲಿ ಕರವಸ್ತ್ರದ ಗಂಟು. ಸಿಇಒನ ಕಾಲರಿಗೆ ಮೈಕು ಸಿಕ್ಕಿಸುವಾಗ ಅವನ ಕುತ್ತಿಗೆ ಅವಳ ಕೈಗೆ ಎಷ್ಟು ಹತ್ತಿರವಿತ್ತೆಂದರೆ, ಅವಳ ಬೆರಳಿಗೇ ಒಂದು ಕ್ಷಣ ಬೇರೆ ಯೋಚನೆ ಬಂತು. "ಥ್ಯಾಂಕ್ಸ್ ಅಕ್ಕ" ಎಂದ ಅವನು, ಏನೂ ನಡೆದೇ ಇಲ್ಲವೆಂಬಂತೆ.

"ಚೆನ್ನಾಗಿ ಮಾತಾಡಪ್ಪ" ಎಂದಳು. ಮನಸಾರೆ ಹೇಳಿದಳು.

ಚೆನ್ನಾಗಿಯೇ ಮಾತಾಡಿದ. ಪರದೆಯ ಮೇಲೆ "ನಮ್ಮ ಪಯಣ" ಎಂದು ಬಂತು: ಐಡಿಯಾ ಹುಟ್ಟಿದ ದಿನ, ಮೊದಲ ಮಾದರಿಯ ದಿನ, ತಾರೀಖಿನ ಸಮೇತ. ತನ್ನ ಅಜ್ಜನ ಕಣ್ಣೀರು ನೋಡಲಾಗದೆ ಇದನ್ನು ಕಂಡುಹಿಡಿದೆ ಎಂದ. ಸಭೆ ಚಪ್ಪಾಳೆ ಹೊಡೆಯಿತು. ಮುಖ್ಯ ತೀರ್ಪುಗಾರ್ತಿ ವೈದ್ಯಕೀಯ ಉಪಕರಣಗಳ ಕಾರ್ಖಾನೆಯ ಒಡತಿ, ಮೂಗಿನ ತುದಿಯ ಮೇಲೆ ಕನ್ನಡಕ ಇಟ್ಟುಕೊಂಡ ಹೆಂಗಸು, ಅವರೂ ತಲೆದೂಗಿದರು. ಬಹುಮಾನ ಹೆಚ್ಚುಕಡಿಮೆ ಅವನ ಜೇಬಿಗೇ ಬಿದ್ದಿತ್ತು.

"ಸಭಿಕರಿಂದ ಒಂದು ಪ್ರಶ್ನೆ" ಎಂದರು ಸಂಯೋಜಕರು.

ಏಳೆಂಟು ಕೈ ಎದ್ದವು. ಮೈಕು ಇದ್ದದ್ದು ಅವಳ ಕೈಯಲ್ಲಿ. ಸೀದಾ ಮೂರನೆಯ ಸಾಲಿಗೆ ನಡೆದಳು.

ಅಪ್ಪ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. "ತಮ್ಮಾ, ಸಾಮಾನು ಚೆನ್ನಾಗಿದೆ. ಮುಚ್ಚಳದ ಒಳಗೆ ಏನೋ ಗೀರಿದೆಯಲ್ಲ, ಅದೇನು?"

ಸಿಇಒಗೆ ಈ ಮುದುಕ ಯಾರೆಂದು ಗೊತ್ತಿಲ್ಲ. ಹಲ್ಲು ಕಾಣುವಂತೆ ನಕ್ಕ. "ಒಳ್ಳೆ ಪ್ರಶ್ನೆ ಸರ್. ಅದು ನಮ್ಮ ಸೂಕ್ಷ್ಮ ಹಿಡಿತ ವಿನ್ಯಾಸ. ಬೆರಳು ಜಾರಬಾರದು ಅಂತ. ನಾಲ್ಕು ತಿಂಗಳ ಸಂಶೋಧನೆ ಅದು."

"ಬೆರಳು ಇರೋದು ಹೊರಗಡೆ ತಾನೇ? ಗೀರು ಒಳಗ್ಯಾಕಪ್ಪ?"

ಸಭೆಯಲ್ಲಿ ಸಣ್ಣ ನಗು. "ಅದು... ಒಳಗಿನ ಬಿಗಿತಕ್ಕೂ ಬೇಕಾಗುತ್ತೆ ಸರ್. ತಾಂತ್ರಿಕ ವಿಷಯ."

"ಆಗಲಿ. ಯಾರು ಬಿಡಿಸಿದ್ದು ಅದನ್ನ?"

"ನಾನೇ ಸರ್. ಒಂದೊಂದು ಗೆರೆಯನ್ನೂ ಕಂಪ್ಯೂಟರಲ್ಲಿ ನಾನೇ ಬಿಡಿಸಿದ್ದು."

"ಸರಿ" ಎಂದ ಅಪ್ಪ. "ನನಗೆ ಕಣ್ಣು ಕಾಣಲ್ಲ. ಅಂಚಿಗೆ ಉಗುರು ಹಾಕಿದ್ರೆ ಮುಚ್ಚಳ ಬರುತ್ತೆ. ಯಾರಾದ್ರೂ ಬಿಚ್ಚಿ, ಅದರಲ್ಲೇನಿದೆ ಅಂತ ಓದ್ತೀರಾ?"

ಮುಖ್ಯ ತೀರ್ಪುಗಾರ್ತಿ ತಮಗೆ ಕೊಟ್ಟಿದ್ದ ಉಡುಗೊರೆಯ ಮುಚ್ಚಳ ಬಿಚ್ಚಿದರು. ಅವರನ್ನು ನೋಡಿ ಮುಂದಿನ ಸಾಲಿನವರು, ಅವರ ಹಿಂದಿನವರು. ಸಭಾಂಗಣದ ತುಂಬ ಟಕ್ ಟಕ್ ಎಂದು ಮುಚ್ಚಳ ತೆರೆಯುವ ಸದ್ದು. ಅವಳ ಜೀವಮಾನದಲ್ಲಿ ಅಷ್ಟು ಇಂಪಾದ ಸದ್ದನ್ನು ಕೇಳಿರಲಿಲ್ಲ.

"ಒಂದು ತ್ರಿಕೋನ" ಎಂದರು ತೀರ್ಪುಗಾರ್ತಿ, ಕನ್ನಡಕ ಮೇಲೇರಿಸಿ. "ಕೆಳಗೆ ಅಂಕಿ ಇದೆ. ತಾರೀಖಿನ ಥರ." ಓದಿದರು. ಓದಿ, ತಲೆಯೆತ್ತಿ ಪರದೆಯ ಮೇಲಿದ್ದ "ಐಡಿಯಾ ಹುಟ್ಟಿದ ದಿನ"ವನ್ನು ನೋಡಿದರು. ಮತ್ತೆ ಮುಚ್ಚಳ ನೋಡಿದರು. "ನಿಮ್ಮ ಐಡಿಯಾ ಹುಟ್ಟೋದಕ್ಕೆ ಏಳು ವಾರ ಮೊದಲಿನ ದಿನ ಇದು. ಏನಿದು?"

ಸಿಇಒ ಅವಸರದಲ್ಲಿ ಪರದೆಯ ಮುಂದಿನ ಚಿತ್ರಕ್ಕೆ ಹಾರಿದ.

"ನಾನು ಹೇಳ್ತೀನಿ" ಎಂದ ಅಪ್ಪ. ಸಂಯೋಜಕರು ವೇದಿಕೆಯ ಬದಿಯಿಂದ ಮೈಕು ಆರಿಸು ಆರಿಸು ಎಂದು ಅವಳಿಗೆ ಕೈಸನ್ನೆ ಮಾಡುತ್ತಿದ್ದರು. ಅವಳು ಅವರನ್ನೇ ನೋಡುತ್ತ ಕಿವಿ ಕೆರೆದುಕೊಂಡಳು. ಅಪ್ಪ ಜೇಬಿನಿಂದ ಕರವಸ್ತ್ರ ತೆಗೆದು ಗಂಟು ಬಿಚ್ಚಿದ. ಹಳೆಯ ಗಿರಾಕಿಗಳಿಂದ ಕೇಳಿ ತಂದ ನಾಲ್ಕು ಕೈಗಡಿಯಾರ. "ನಾನು ವಾಚ್ ರಿಪೇರಿಯವನು. ಇವುಗಳ ಬೆನ್ನು ಬಿಚ್ಚಿ ನೋಡಿ. ಅದೇ ತ್ರಿಕೋನ, ಅದೇ ಕೈ. ಒಂದಕ್ಕೆ ಇಪ್ಪತ್ತು ವರ್ಷ ಆಗಿದೆ. ಆಗ ಈ ಸಂಶೋಧಕರು ಇನ್ನೂ ತೊಟ್ಟಿಲಲ್ಲಿ ಇದ್ದಿರಬೇಕು."

ಗಡಿಯಾರಗಳು ತೀರ್ಪುಗಾರರ ಮೇಜಿಗೆ ಹೋದವು. ಆಮೇಲಿನದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಕನ್ನಡಕದ ಹುಡುಗಿ ತಾನಾಗಿ ಎದ್ದುಬಂದು, ಮೂಲ ಪೀಸು ಹಿತ್ತಾಳೆಯದು, ಅದನ್ನು ಸಿಇಒ ತಂದುಕೊಟ್ಟದ್ದು, ತಾವು ಒಂದು ಗೆರೆಯನ್ನೂ ಬಿಡಿಸಿಲ್ಲ ಎಂದು ಅಳುತ್ತ ಹೇಳಿಬಿಟ್ಟಳು. ತಂಡವನ್ನು ಸ್ಪರ್ಧೆಯಿಂದ ಹೊರಗಿಟ್ಟಿದ್ದೇವೆ ಎಂದು ಮುಖ್ಯ ತೀರ್ಪುಗಾರ್ತಿ ಮೈಕಿನಲ್ಲೇ ಘೋಷಿಸಿದರು. ಮೈಕಿನ ಸದ್ದನ್ನು ಬೆಸುಗೆ ಅಕ್ಕ ಸ್ವಲ್ಪ ಏರಿಸಿದ್ದಳು.

ವೇದಿಕೆಯ ಹಿಂದಿನ ಚಿಕ್ಕ ಕೋಣೆಯಲ್ಲಿ ಆಮೇಲೆ ಅವರು ನಾಲ್ಕೇ ಜನ: ಕುರ್ಚಿಯಲ್ಲಿ ಅಪ್ಪ, ಪಕ್ಕದಲ್ಲಿ ಅವಳು, ಗೋಡೆಗೆ ಒರಗಿದ ಸಿಇಒ, ಬೆವರು ಒರೆಸಿಕೊಳ್ಳುತ್ತಿದ್ದ ಸಂಯೋಜಕರು.

"ಆದದ್ದು ಆಯ್ತು" ಎಂದರು ಸಂಯೋಜಕರು. "ಹುಡುಗ, ಬುದ್ಧಿ ಇಲ್ಲ. ಇದು ಶಿಸ್ತು ಸಮಿತಿಗೆ ಹೋದ್ರೆ ಅವನ ಡಿಗ್ರಿಗೇ ಕುತ್ತು. ಇಲ್ಲಿಗೇ ಬಿಟ್ಟುಬಿಡೋಣ ಅಕ್ಕ. ದೊಡ್ಡ ಮನಸ್ಸು ಮಾಡಿ."

ಅವಳು ಚೀಲದಿಂದ ಎರಡು ಹಾಳೆ ತೆಗೆದಳು. "ಬರವಣಿಗೆಯಲ್ಲಿ ಕೊಡಿ ಅಂದಿದ್ರಲ್ಲ ಸರ್. ತಗೊಳ್ಳಿ. ಕೆಳಗೆ ಮೂರೂ ಜನ ತೀರ್ಪುಗಾರರ ಸಹಿ ಇದೆ, ಈಗಷ್ಟೇ ಹಾಕಿಸಿದ್ದು. ಒಂದು ಪ್ರತಿ ಆಗಲೇ ಸಮಿತಿಗೆ ಹೋಗಿದೆ." ಸಂಯೋಜಕರು ಹಾಳೆಯನ್ನು ಬಿಸಿ ಪಾತ್ರೆ ಹಿಡಿದಂತೆ ಹಿಡಿದುಕೊಂಡರು.

"ನನ್ನ ಸಾಮಾನು ಎಲ್ಲಿ?" ಎಂದು ಅಪ್ಪ ಕೇಳಿದ.

ಸಿಇಒ ಬ್ಯಾಗಿನಿಂದ ಒಂದು ಪೊಟ್ಟಣ ತೆಗೆದು ಕೊಟ್ಟ. ಅಪ್ಪ ಬಿಚ್ಚಿ ಬೆರಳಾಡಿಸಿದ. ಮುಚ್ಚಳವೊಂದು ಇಡಿಯಾಗಿತ್ತು. ಒಡಲು ಎರಡು ಹೋಳು. ಗರಗಸದಲ್ಲಿ ಕುಯ್ದ ಅಂಚು ಇನ್ನೂ ಒರಟಾಗಿತ್ತು. ಸ್ಪ್ರಿಂಗು ಇರಲಿಲ್ಲ.

"ಒಳಗಿನ ಅಳತೆ ಬೇಕಿತ್ತು" ಎಂದ ಸಿಇಒ, ತೀರಾ ಸಣ್ಣ ದನಿಯಲ್ಲಿ. "ಸ್ಪ್ರಿಂಗ್ ಹಾರಿಹೋಯ್ತು. ಹುಡುಕಿದ್ವಿ."

ಮೂರು ತಿಂಗಳ ನೋಟ ಆ ಸ್ಪ್ರಿಂಗಿನಲ್ಲಿತ್ತು. ಯಾವುದೋ ಹಾಸ್ಟೆಲಿನ ಪೊರಕೆ ಅದನ್ನು ಗುಡಿಸಿಹಾಕಿತ್ತು. ಅಪ್ಪ ಎರಡು ಹೋಳನ್ನೂ ಸೇರಿಸಿ ಹಿಡಿದು ನೋಡಿದ, ಬಿಟ್ಟ, ಕರವಸ್ತ್ರದಲ್ಲಿ ಕಟ್ಟಿದ. ಅವಳಿಗೆ ಅಳು ಉಕ್ಕಿತು. ಇವನ ಮುಂದೆ ಅಳಬಾರದೆಂದು ಹಲ್ಲು ಕಚ್ಚಿದಳು.

"ತಾತ, ಕ್ಷಮಿಸಿ" ಎಂದ ಸಿಇಒ.

"ಹತ್ತಿರ ಬಾ. ಇನ್ನೂ ಹತ್ತಿರ. ದೀಪದ ಕೆಳಗೆ ನಿಲ್ಲು."

ಹುಡುಗ ಬಂದು ನಿಂತ. ಏಟು ಬೀಳುತ್ತದೆಂದು ಭುಜ ಕುಗ್ಗಿಸಿಕೊಂಡಿದ್ದ. ಅಪ್ಪ ಎಡಗಣ್ಣನ್ನು ಕಿರಿದು ಮಾಡಿ ಅವನ ಕಡೆ ಬಹಳ ಹೊತ್ತು ನೋಡಿದ.

"ಉಹೂಂ" ಎಂದ. "ನಿನಗೆ ನಾಚಿಕೆ ಆಗಿದೆಯೋ ಇಲ್ಲವೋ, ನನಗೆ ತಿಳಿಯಲ್ಲ ಕಣಪ್ಪ. ನನಗೆ ಕಾಣೋದು ಒಂದು ಕಂಬದ ಥರ. ಇಡೀ ಸಭೆ ನಿನ್ನ ಮುಖ ನೋಡಿತು. ನೋಡಬೇಕಾದವನು ನಾನೊಬ್ಬ, ನನಗೆ ಸಿಗಲಿಲ್ಲ." ಮಗಳ ಕಡೆ ತಿರುಗಿದ. "ಅವತ್ತು ಬಸ್ಸಲ್ಲಿ ಕೇಳಿದ್ದೆ, ನೀನು ಹೇಳಲಿಲ್ಲ. ಈಗ ಹೇಳು. ಇವನ ಮುಖ ಹೇಗಿದೆ?"

ಸಿಇಒ ಮುಖ ತಿರುಗಿಸಲು ಹೋದ.

"ಅಲ್ಲಾಡಬೇಡ" ಎಂದಳು ಅವಳು.

ಸಂಯೋಜಕರು "ಅಕ್ಕ, ಸಾಕು" ಎಂದರು. ಅವಳು ಅವರತ್ತ ತಿರುಗಿಯೂ ನೋಡಲಿಲ್ಲ. ಕುರ್ಚಿಯೊಂದನ್ನು ಎಳೆದುಕೊಂಡು ಹುಡುಗನ ಎದುರಿಗೆ, ಬೆಸುಗೆ ಕೆಲಸದ ಮುಂದೆ ಕೂರುವಂತೆ ನೆಟ್ಟಗೆ ಕೂತಳು. ಬೆವರು, ಕೆಂಪೇರಿದ ಕಿವಿ, ಕಣ್ಣಂಚಿನಲ್ಲಿ ತುಂಬಿ ಇನ್ನೂ ಬೀಳದ ನೀರು, ಎಲ್ಲವನ್ನೂ ಒಮ್ಮೆ ನೋಡಿಕೊಂಡಳು.

"ನಿಧಾನವಾಗಿ ಹೇಳು" ಎಂದ ಅಪ್ಪ, ಕುರ್ಚಿಗೆ ಒರಗಿ, ಎರಡೂ ಕಣ್ಣು ಮುಚ್ಚಿ. "ಏನೂ ಬಿಡಬೇಡ. ನನಗೇನೂ ಅವಸರವಿಲ್ಲ."

ಅವಳು ಹಣೆಯಿಂದ ಶುರುಮಾಡಿದಳು.